612ರಲ್ಲಿ ಬೆಂಗಳೂರು ಕೇಳಿದರೆ ಸಾಕು

ಎರಡು ಬ್ಯಾಂಡಿನ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ. ಮರದ ಪೆಟ್ಟಿಗೆ, ಮುಂದೆ ಚಿನ್ನದ ಬಣ್ಣದ ಎಳೆ ಇರುವ ಬಟ್ಟೆ. ಒಳಗೆ ಆರು ಜರ್ಮೇನಿಯಂ ಟ್ರಾನ್ಸಿಸ್ಟರ್. ನಾಲ್ಕು ದಪ್ಪ ಸೆಲ್ ಹಾಕಿದರೆ 6 ವೋಲ್ಟ್. ಇದು ಅತ್ತೆಯವರದು. ಅಂಚೆ ಕಚೇರಿಗೆ ಹೋಗಿ ರೇಡಿಯೋಗೆ ಲೈಸೆನ್ಸ್ ಕಟ್ಟುತ್ತಿದ್ದ ಕಾಲದ್ದು.

ಹನುಮಂತನಗರದ ನಮ್ಮ ಮನೆಯ ಅಟ್ಟದಲ್ಲಿ ಬಹಳ ವರ್ಷ ಹಾಗೇ ಕೂತಿತ್ತು. ಮನೆಯಲ್ಲಿ ಯಾರಿಗೂ ಅದರ ಮೇಲೆ ಪ್ರೀತಿ ಕಡಿಮೆ ಆಗಿರಲಿಲ್ಲ. ಪ್ರೀತಿ ಜಾಸ್ತಿ ಇದ್ದದ್ದರಿಂದಲೇ ಯಾರೂ ಮುಟ್ಟಲಿಲ್ಲ. "ಮಾಡಿದರೆ ಪೂರ್ತಿ ಮಾಡಬೇಕು" ಅನ್ನೋದು ಎಲ್ಲರ ಮಾತು. ಒಂದು ನಾಬ್ ಕಳೆದಿದೆ, ಅಂಥದ್ದೇ ನಾಬ್ ಸಿಗಬೇಕು. ಬಟ್ಟೆ ಒಂದು ಮೂಲೆಯಲ್ಲಿ ಹರಿದಿದೆ, ಅದೇ ನೇಯ್ಗೆಯ ಬಟ್ಟೆ ಬೇಕು. ಪಾಲಿಶ್ ಮಾಡಿಸಬೇಕು. ಅದೆಲ್ಲ ಸಿಕ್ಕ ಮೇಲೆ ರಿಪೇರಿ. ನಾಬ್ ಸಿಗಲಿಲ್ಲ, ರೇಡಿಯೋ ಮಾತಾಡಲಿಲ್ಲ.

ಈ ಬೇಸಿಗೆ ರಜೆಯಲ್ಲಿ ನಾನು, ಒಂಬತ್ತನೇ ಕ್ಲಾಸಿಗೆ ಹೋಗುವ ಮಗಳು ಪುಟ್ಟಿ ಇಬ್ಬರೂ ಸೇರಿ ಅದನ್ನು ಬಿಚ್ಚಿದೆವು. ಪುಟ್ಟಿಯನ್ನು ಜೊತೆಗೆ ಸೇರಿಸಿಕೊಂಡದ್ದಕ್ಕೆ ಕಾರಣ ಇದೆ. ಅವಳು ಗೆರೆ ಒಂದು ವಕ್ರ ಆದರೆ ಇಡೀ ಹಾಳೆ ಹರಿಯುವ ಹುಡುಗಿ. ಅರ್ಧ ಬರೆದ ಚಿತ್ರಗಳು, ಅರ್ಧ ಹೊಲಿದ ಕಸೂತಿ ಅವಳ ಕಪಾಟಿನ ತುಂಬ ಇವೆ. ಕೈ ಚೆನ್ನಾಗಿದೆ, ಕಣ್ಣು ಅದಕ್ಕಿಂತ ಚುರುಕು. ಆದರೆ ಆ ಕಣ್ಣೇ ಕೈಯನ್ನು ನಿಲ್ಲಿಸಿಬಿಡುತ್ತದೆ.

ಬಿಚ್ಚುವುದಕ್ಕೆ ಮುಂಚೆ ಬರೆದುಕೊಂಡದ್ದು

ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಕೆಲಸ ಮಾಡುವವಳು. ಹೊರದೇಶಕ್ಕೆ ಹೋಗುವ ಶರ್ಟ್‌ಗಳನ್ನು ಕೊನೆಯಲ್ಲಿ ನೋಡಿ ಪಾಸ್ ಮಾಡುವ ಕೆಲಸ. ಹೊರಗಿನವರಿಗೆ ಗೊತ್ತಿರದ ಒಂದು ವಿಷಯ ಹೇಳುತ್ತೇನೆ. ಸಾಮಾನ್ಯವಾಗಿ ಖರೀದಿದಾರರು ಒಂದು ತಪ್ಪೂ ಇಲ್ಲದ ಲಾಟ್ ಕೇಳುವುದಿಲ್ಲ. ಮೊದಲೇ ಒಂದು ಮಟ್ಟ ಒಪ್ಪಿಕೊಂಡಿರುತ್ತಾರೆ, ಅದಕ್ಕೆ ಎಕ್ಯೂಎಲ್ ಅಂತಾರೆ. ಸಾವಿರ ಶರ್ಟಿನ ಲಾಟ್ ಅಂದುಕೊಳ್ಳಿ. ಅದರಲ್ಲಿ 80 ತೆಗೆದು ನೋಡುತ್ತೇವೆ. 2.5ರ ಮಟ್ಟ ಆದರೆ, ದೊಡ್ಡ ತಪ್ಪು 5ರವರೆಗೆ ಬಂದರೂ ಲಾಟ್ ಪಾಸ್. 6 ಬಂದರೆ ವಾಪಸ್. ಇದು ಸಡಿಲ ಬಿಡುವುದಲ್ಲ. ಯಾವುದು ಇರಲೇಬೇಕು, ಯಾವುದು ಇದ್ದರೂ ನಡೆಯುತ್ತೆ ಅನ್ನೋದನ್ನು ಕೆಲಸ ಶುರುವಾಗುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳುವುದು. ತೀರ್ಮಾನ ಇಲ್ಲದೆ ಹೋದರೆ ಲೈನ್ ಕೊನೆಗೆ ನಿಂತವರು ಸಂಜೆವರೆಗೂ ದಾರ ಕತ್ತರಿಸುತ್ತಲೇ ಇರುತ್ತಾರೆ, ಮಾಲು ಹೊರಡುವುದಿಲ್ಲ.

ಅದನ್ನೇ ಇಲ್ಲಿಯೂ ಮಾಡಿದೆವು. ಪುಟ್ಟಿಯ ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದೆವು. 612 ಕಿಲೋಹರ್ಟ್ಜ್‌ನಲ್ಲಿ ಬೆಂಗಳೂರು ಆಕಾಶವಾಣಿ ಸ್ಪಷ್ಟವಾಗಿ ಕೇಳಬೇಕು. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನಬಾರದು. ಸ್ಟೇಷನ್ ಹುಡುಕಲು ಮುಳ್ಳು ಓಡಬೇಕು. ಅಷ್ಟೇ. ಶಾರ್ಟ್ ವೇವ್ ಇಲ್ಲ, ಬಟ್ಟೆ ಇಲ್ಲ, ಪಾಲಿಶ್ ಇಲ್ಲ, ಕಳೆದುಹೋದ ನಾಬ್ ಇಲ್ಲ.

ಪುಟ್ಟಿ ಕೇಳಿದಳು, "ಅಮ್ಮ, ಬಟ್ಟೆ ಹರಿದೇ ಇರುತ್ತಾ?"

"ಇರಲಿ. ಅಜ್ಜಿ ಕೇಳೋದು ಕಿವಿಯಿಂದ ಅಲ್ವಾ?"

ಇನ್ನೊಂದು ನಿಯಮವೂ ಹಾಕಿಕೊಂಡೆವು. ಪ್ರತಿ ಸಲ ಕೂತಾಗಲೂ ಏಳುವ ಮುಂಚೆ "ಈಗ ಇದು ಕೆಲಸ ಮಾಡುತ್ತೆ" ಅಂತ ಶುರುವಾಗುವ ಒಂದು ಸಾಲು ಬರೆಯಬೇಕು. ಉಳಿದದ್ದನ್ನು ಬರೆಯುವ ಹಾಗಿಲ್ಲ. ಉಳಿದದ್ದು ತಾನಾಗಿಯೇ ನೆನಪಿರುತ್ತದೆ, ಆದದ್ದನ್ನೇ ನಾವು ಮರೆಯುವುದು.

ಸೆಲ್ ಡಬ್ಬಿ

ಹಿಂದಿನ ರಟ್ಟು ತೆಗೆದ ತಕ್ಷಣ ಫೋನಿನಲ್ಲಿ ಫೋಟೋ ತೆಗೆದೆವು. ಯಾವ ವೈರ್ ಎಲ್ಲಿಗೆ ಹೋಗಿದೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ.

ಯಾರೋ ಬಿಟ್ಟ ಸೆಲ್ ಸೋರಿ, ತಗಡು ಹಸಿರು-ಬಿಳಿ ಪುಡಿಯಾಗಿತ್ತು. ಇಲ್ಲಿ ಒಂದು ಎಚ್ಚರಿಕೆ. ಹಳೆಯ ಜಿಂಕ್-ಕಾರ್ಬನ್ ಸೆಲ್ ಸೋರಿದರೆ ಅದು ಹುಳಿ ಗುಣದ್ದು. ಅದಕ್ಕೆ ಅಡಿಗೆ ಸೋಡಾ ಕಲಸಿದ ನೀರು ಸರಿ. ಈಗಿನ ಆಲ್ಕಲೈನ್ ಸೆಲ್ ಸೋರಿದರೆ ಅದು ಕ್ಷಾರ. ಅದಕ್ಕೆ ನಿಂಬೆರಸ ಅಥವಾ ವಿನೆಗರ್. ನಮ್ಮದು ಮೊದಲ ಜಾತಿ. ಹಳೆಯ ಟೂತ್‌ಬ್ರಷ್ಷಿನಿಂದ ಸೋಡಾ ನೀರು ಹಚ್ಚಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟೆವು. ಸ್ಪ್ರಿಂಗ್ ಒಂದು ಪೂರ್ತಿ ತಿಂದುಹೋಗಿತ್ತು. ಎಸ್.ಪಿ. ರೋಡಿನಲ್ಲಿ ಕೊಂಡ ಪ್ಲಾಸ್ಟಿಕ್ ಸೆಲ್ ಡಬ್ಬಿಯ ಸ್ಪ್ರಿಂಗನ್ನೇ ಕಿತ್ತು ಇಲ್ಲಿ ಬೆಸೆದೆವು. ಉಳಿದ ಮೂರು ಮಂಕು, ಇದೊಂದು ಫಳಫಳ. ಪುಟ್ಟಿಗೆ ಅದು ಕಣ್ಣಿಗೆ ಚುಚ್ಚಿತು. ಮುಚ್ಚಳ ಹಾಕಿದರೆ ಕಾಣುವುದಿಲ್ಲ ಅಂತ ನಾನು ಸಮಾಧಾನ ಹೇಳಲಿಲ್ಲ. ಮಲ್ಟಿಮೀಟರ್ ಕೊಟ್ಟು ಅಳೆಯಲು ಹೇಳಿದೆ. 6 ವೋಲ್ಟ್ ಚೂರು ಮೇಲೆಯೇ ತೋರಿಸಿತು. ಅವಳು ಮೊದಲ ಸಾಲು ಬರೆದಳು: ಈಗ ಇದು ಕೆಲಸ ಮಾಡುತ್ತೆ, ಸೆಲ್ ಡಬ್ಬಿ.

ಬರ್ರ್

ಕರೆಂಟ್ ಕೊಡುವ ಮುಂಚೆ ಒಂದು ಮುಖ್ಯ ವಿಷಯ. ಇಂಥ ಹಳೆಯ ಸೆಟ್ಟುಗಳಲ್ಲಿ ಟ್ರಾನ್ಸಿಸ್ಟರ್‌ಗಳು ಪಿಎನ್‌ಪಿ ಅನ್ನುವ ಜಾತಿಯವು, ಪ್ಲಸ್-ಮೈನಸ್ ಉಲ್ಟಾ ಕೇಳುವಂಥವು. ಹಾಗಾಗಿ ಸಾಮಾನ್ಯವಾಗಿ ಸೆಲ್ಲಿನ ಪ್ಲಸ್ ತಂತಿ ಚಾಸಿಗೆ, ಅಂದರೆ ಸೆಟ್ಟಿನ ಲೋಹದ ಚೌಕಟ್ಟಿಗೆ, ಹೋಗಿರುತ್ತದೆ, ಮೈನಸ್ ಅಲ್ಲ. ಈಗಿನ ಸರ್ಕ್ಯೂಟ್ ನೋಡಿ ಅಭ್ಯಾಸ ಇರುವವರಿಗೆ ಎಲ್ಲವೂ ತಲೆಕೆಳಗು. ಉಲ್ಟಾ ಕೊಟ್ಟರೆ ಜರ್ಮೇನಿಯಂ ಕ್ಷಮಿಸುವುದಿಲ್ಲ. ಡಬ್ಬಿಯ ಒಳಗೆ ಗುರುತು ನೋಡಿ, ತಂತಿ ಹಿಡಿದು ಕೊನೆವರೆಗೂ ಹೋಗಿ ನೋಡಿ, ಆಮೇಲೆ ಕೊಡಿ.

ಮೀಟರನ್ನು ಮಿಲಿ ಆಂಪಿಯರ್‌ಗೆ ಇಟ್ಟು ಸೆಲ್ಲಿನ ಸಾಲಿನಲ್ಲಿ ಸೇರಿಸಿದೆವು. ವಾಲ್ಯೂಮ್ ಪೂರ್ತಿ ಕೆಳಗಿದ್ದಾಗ ಇಷ್ಟು ಚಿಕ್ಕ ಸೆಟ್ 10ರಿಂದ 15 ಎಳೆದರೆ ಆರೋಗ್ಯ. ನಮ್ಮದು 20 ದಾಟಿತ್ತು. ಸುಡುವಷ್ಟು ಅಲ್ಲ, ಆದರೆ ಎಲ್ಲೋ ಸೋರಿಕೆ ಇದೆ ಅನ್ನೋದಕ್ಕೆ ಸಾಕ್ಷಿ. ಸ್ಪೀಕರ್ ಸುಮ್ನೆ ಇತ್ತು. ಕಿವಿ ಹಚ್ಚಿದರೆ ಸಣ್ಣ ಸುಯ್ ಅನ್ನುವ ಸದ್ದು ಮಾತ್ರ.

ಆಗ ಮಾಡಬೇಕಾದ ಪರೀಕ್ಷೆ ಬಹಳ ಸುಲಭದ್ದು. ವಾಲ್ಯೂಮ್ ಕಂಟ್ರೋಲಿನ ಹಿಂದೆ ಮೂರು ಕಾಲು ಇರುತ್ತವೆ. ನಡುವಿನ ಕಾಲಿಗೆ ಸಣ್ಣ ಸ್ಕ್ರೂಡ್ರೈವರ್ ತುದಿ ತಾಗಿಸಿ, ಅದರ ಲೋಹಕ್ಕೆ ಬೆರಳು ಇಡಬೇಕು. ಸೆಲ್ಲಿನ ಸೆಟ್ಟಿನಲ್ಲಿ ಮಾತ್ರ ಇದನ್ನು ಮಾಡಿ. ಪ್ಲಗ್ ಹಾಕುವ ವಾಲ್ವ್ ರೇಡಿಯೋದಲ್ಲಿ ಖಂಡಿತ ಬೇಡ. ಪುಟ್ಟಿ ಬೆರಳಿಟ್ಟಳು. ಸ್ಪೀಕರ್ "ಬರ್ರ್" ಅಂದಿತು.

ಆ ಒಂದು ಬರ್ರ್‌ಗೆ ಎಷ್ಟು ಅರ್ಥ ಇದೆ ನೋಡಿ. ಸ್ಪೀಕರ್ ಬದುಕಿದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದುಕಿದೆ. ಕೊನೆಯ ಜೋಡಿಗೆ ಸದ್ದು ಬಲಪಡಿಸಿ ಕೊಡುವ ಡ್ರೈವರ್ ಟ್ರಾನ್ಸಿಸ್ಟರ್ ಬದುಕಿದೆ. ಕೊನೆಯ ಜೋಡಿ ಎಸಿ128 ಟ್ರಾನ್ಸಿಸ್ಟರ್‌ಗಳು ಬದುಕಿವೆ. ಅರ್ಧ ರೇಡಿಯೋ ಸರಿ ಇದೆ ಅಂತ ಒಂದು ಬೆರಳಿನಲ್ಲಿ ಗೊತ್ತಾಯಿತು. ಆ ಜೋಡಿಯ ಮೇಲೆ ಬಿಇಎಲ್ ಅಂತ ಅಚ್ಚು ಇತ್ತು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಶುರುವಾದ ಕಾರ್ಖಾನೆ, 1962ರಿಂದ ಜರ್ಮೇನಿಯಂ ಸಾಮಾನು ಮಾಡತೊಡಗಿತು. ಇದೇ ಊರಿನಲ್ಲಿ ಯಾರದೋ ಕೈಯಲ್ಲಿ ತಯಾರಾದ ಟ್ರಾನ್ಸಿಸ್ಟರ್ ಇಷ್ಟು ವರ್ಷದ ಮೇಲೂ ಸದ್ದು ಮಾಡಿತು ಅಂದರೆ ನನಗೆ ನಿಜಕ್ಕೂ ಹೆಮ್ಮೆ.

ಪುಟ್ಟಿಗೆ ಬರ್ರ್ ಸಾಲದು ಅನಿಸಿತು. "ಸದ್ದು ಮಾತ್ರ ತಾನೇ, ಹಾಡು ಬಂದಿಲ್ಲವಲ್ಲ" ಅಂದಳು. ನಾನು ಅಡಿಗೆಮನೆಯಿಂದ ಅತ್ತೆಯವರನ್ನು ಕರೆದು ಇನ್ನೊಂದು ಸಲ ಮಾಡಿಸಿದೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಅಯ್ಯೋ, ಉಸಿರಾಡ್ತಿದೆ ಕಣೇ!" ಅಂದರು. ಆ ಸಂಜೆ ಕೋಡುಬಳೆ ಆಯಿತು. ಚಿಕ್ಕ ಕೆಲಸ ಆದಾಗ ಮನೆಯವರನ್ನು ಕರೆದು ತೋರಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪೂರ್ತಿ ಆದ ಮೇಲೆ ತೋರಿಸೋಣ ಅಂತ ಕಾದರೆ ತೋರಿಸುವ ದಿನ ಬರುವುದೇ ಇಲ್ಲ.

ವಾಲ್ಯೂಮ್ ಕಂಟ್ರೋಲಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಸಿಂಪಡಿಸಿ ಆ ಕಡೆ ಈ ಕಡೆ ತುಂಬ ಸಲ ತಿರುಗಿಸಿದೆವು. ಕರಕರ ಹೋಯಿತು. ತೀರಾ ಕೆಳಗೆ, ಸ್ವಿಚ್ ಬಿಡುವ ಜಾಗದಲ್ಲಿ ಒಂದು ಸಣ್ಣ ಗೀರು ಸದ್ದು ಉಳಿಯಿತು. ಅಷ್ಟು ಕೆಳಗೆ ಇಟ್ಟು ಯಾರೂ ಕೇಳುವುದಿಲ್ಲ. ಮುಂದಕ್ಕೆ ಹೋದೆವು.

ಕಂಡೆನ್ಸರ್‌ಗಳು

ಒಳಗಿನ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್‌ಗಳು, ಅಂದರೆ ಕರೆಂಟನ್ನು ಚೂರು ಹೊತ್ತು ಹಿಡಿದಿಡುವ ಪುಟ್ಟ ಡಬ್ಬಿಗಳು, ಇಷ್ಟು ಹೊತ್ತಿಗೆ ಒಣಗಿಹೋಗಿರುತ್ತವೆ. ಅವನ್ನು ಬದಲಾಯಿಸಲೇಬೇಕು. ತೊಂದರೆ ಏನಂದರೆ ಹಳೆಯ ಅಳತೆಯವು ಈಗ ಸಿಗುವುದಿಲ್ಲ. ನಮ್ಮದರಲ್ಲಿ 8, 64, 125 ಮೈಕ್ರೋಫ್ಯಾರಡ್ ಇದ್ದವು. ಅಂಗಡಿಯಲ್ಲಿ ಇರುವುದು 10, 22, 47, 100, 220.

ಎಸ್.ಪಿ. ರೋಡ್ ಅಂದರೆ ಸದರ್ ಪತ್ರಪ್ಪ ರಸ್ತೆ, ಬೆಂಗಳೂರಿನಲ್ಲಿ ಸೋಲ್ಡರ್ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಹೋಗುವ ಜಾಗ. ಕಾಲಿಡಲು ಜಾಗವಿಲ್ಲದ ಅಂಗಡಿ, ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರ್. ಪುಟ್ಟಿ 64 ಕೇಳಿದಳು. ಕೌಂಟರಿನಲ್ಲಿದ್ದ ಹಿರಿಯರು ತಲೆ ಎತ್ತದೆ, "ನಲವತ್ತೇಳು ಹಾಕಮ್ಮ, ಇಲ್ಲ ನೂರು ಹಾಕು. ಎರಡರಲ್ಲೂ ಹಾಡ್ತದೆ" ಅಂದರು. ಅವಳು ನನ್ನ ಮುಖ ನೋಡಿದಳು. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಯಾಕೆ ಸರಿ ಅಂದರೆ, ಆ ಕಾಲದ ಎಲೆಕ್ಟ್ರೋಲಿಟಿಕ್‌ಗಳ ಮೇಲೆ ಬರೆದ ಅಳತೆಯೇ ಅಂದಾಜಿನದು. 20 ಶೇಕಡ ಕಡಿಮೆ, 50 ಶೇಕಡ ಜಾಸ್ತಿ ಇದ್ದರೂ ಒಳ್ಳೆಯ ಮಾಲು ಅಂತಲೇ ಲೆಕ್ಕ. ಸೆಟ್ ಡಿಸೈನ್ ಮಾಡಿದವರು ಅದನ್ನು ತಿಳಿದೇ ಮಾಡಿದ್ದರು. ಕರೆಂಟ್ ತಡೆಯುವ ರೆಸಿಸ್ಟರ್ ನೋಡಿ. ಕೊನೆಯಲ್ಲಿ ಬೆಳ್ಳಿ ಪಟ್ಟಿ ಇದ್ದರೆ 10 ಶೇಕಡ ಆಚೀಚೆ, ಚಿನ್ನದ ಪಟ್ಟಿ ಇದ್ದರೆ 5. ಪಟ್ಟಿಯೇ ಇಲ್ಲದಿದ್ದರೆ 20. ಇಷ್ಟು ವ್ಯತ್ಯಾಸ ಇರುತ್ತೆ ಅಂತ ಮಾಡಿದವರೇ ಮೈಮೇಲೆ ಬಣ್ಣದಲ್ಲಿ ಬರೆದು ಕಳಿಸುತ್ತಾರೆ. ಪುಟ್ಟಿ ಬೋರ್ಡಿನ ರೆಸಿಸ್ಟರ್‌ಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಹೆಚ್ಚಿನವಕ್ಕೆ ಬೆಳ್ಳಿ ಪಟ್ಟಿ. ಅವಳಿಗೆ ಅದು ದೊಡ್ಡ ವಿಷಯ ಅನಿಸಿತು. ಅವಳ ಮುಖದಲ್ಲಿ ಕಾಣುತ್ತಿತ್ತು.

ಹಳೆಯ ಕಂಡೆನ್ಸರಿನ ಚಿಪ್ಪು ಟೊಳ್ಳು ಮಾಡಿ ಅದರೊಳಗೆ ಹೊಸದನ್ನು ಅಡಗಿಸುವವರಿದ್ದಾರೆ. ಹೊರಗಿನಿಂದ ನೋಡಿದರೆ ಹಳೆಯದೇ ಅನಿಸಬೇಕು ಅಂತ. ಅದು ಒಂದು ಕಲೆ, ಗೌರವ ಇದೆ. ನಮಗೆ ಬೇಕಿರಲಿಲ್ಲ. ಬೆರಳಿನಷ್ಟಿದ್ದ ಹಳೆಯದರ ಜಾಗದಲ್ಲಿ ಮೆಂತ್ಯದ ಡಬ್ಬಿಯ ಪಕ್ಕ ಇಟ್ಟರೆ ಕಳೆದುಹೋಗುವಂಥ ಚಿಕ್ಕ ಹೊಸದು ಕೂತಿತು.

ಬೆಸುಗೆ ಪುಟ್ಟಿಯೇ ಹಾಕಿದಳು. 25 ವ್ಯಾಟಿನ ಐರನ್, ತವರ-ಸೀಸ ಬೆರೆತ ಅರವತ್ತು-ನಲವತ್ತರ ಸೋಲ್ಡರ್. ಅಂಗಡಿಯಲ್ಲಿ "ಲೆಡ್" ಅಂದರೆ ಕೊಡುತ್ತಾರೆ. ಮೊದಲ ಬೆಸುಗೆ ಗುಂಡಗೆ ಬಂತು, ಒಂದು ಕಡೆ ಬಾಲ ಎದ್ದಿತ್ತು. ತಕ್ಷಣ ಕಾಯಿಸಿ ತೆಗೆಯಲು ಹೊರಟಳು. ನಾನು ಕೈ ಹಿಡಿದೆ. ಇದನ್ನು ಕೊಂಚ ವಿವರವಾಗಿ ಹೇಳಬೇಕು, ಯಾಕೆಂದರೆ ಹೊಸಬರು ಬೋರ್ಡ್ ಹಾಳು ಮಾಡುವುದು ಇಲ್ಲೇ.

ಕೆಟ್ಟ ಬೆಸುಗೆ ಬೇರೆ, ಚೆಂದವಿಲ್ಲದ ಬೆಸುಗೆ ಬೇರೆ. ಕಾಲಿಗೂ ತಾಮ್ರಕ್ಕೂ ಅಂಟದೆ ಮೇಲೆ ಸುಮ್ನೆ ಕೂತ ಬೆಸುಗೆ ಕೆಟ್ಟದ್ದು. ಕಾಲನ್ನು ಮೆಲ್ಲಗೆ ಅಲುಗಿಸಿದರೆ ಸುತ್ತ ಸಣ್ಣ ಬಿರುಕು ಕಾಣುತ್ತದೆ. ಅದನ್ನು ಮತ್ತೆ ಮಾಡಲೇಬೇಕು. ಎಳೆದರೆ ಅಲುಗದೆ, ಮೀಟರಿಗೆ ಬೀಪ್ ಅಂದು, ಬರೀ ಆಕಾರ ಸರಿಯಿಲ್ಲದಿದ್ದರೆ ಬಿಟ್ಟುಬಿಡಬೇಕು. ಹಳೆಯ ಕಂದು ಬಣ್ಣದ ಬೋರ್ಡಿನಲ್ಲಿ ತಾಮ್ರದ ಪಟ್ಟಿ ಅಂಟಿನ ಮೇಲೆ ಕೂತಿರುತ್ತದೆ. ಒಂದು ಸಲ ಬಿಸಿ ತಡೆಯುತ್ತದೆ. ಮತ್ತೆ ಮತ್ತೆ ಕಾಯಿಸಿದರೆ ಪಟ್ಟಿ ಎದ್ದು ಸುರುಳಿಯಾಗುತ್ತದೆ. ಅಂದರೆ ಚೆಂದ ಮಾಡಲು ಹೋದರೆ ನಿಜವಾಗಿಯೂ ಕೆಡುತ್ತದೆ. ಟ್ರಾನ್ಸಿಸ್ಟರ್ ಹತ್ತಿರ ಆದರಂತೂ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಐರನ್ ತಾಗಿಸಬೇಕು. ಜರ್ಮೇನಿಯಂ ಬಿಸಿ ತಡೆಯುವುದಿಲ್ಲ.

ಅವಳು ಎಳೆದು ನೋಡಿದಳು. ಅಲುಗಲಿಲ್ಲ. ಬೀಪ್ ಅಂದಿತು. ಬಾಲವನ್ನು ಕಟ್ಟರಿನಲ್ಲಿ ಚೂರು ಕತ್ತರಿಸಿ ಮುಂದಿನದಕ್ಕೆ ಹೋದಳು. ಕೊನೆಯ ಬೆಸುಗೆಗಳು ಹೊಳೆಯುತ್ತಿದ್ದವು. ಮೊದಲನೆಯದು ಇವತ್ತಿಗೂ ಹಾಗೇ ಇದೆ, ಕೆಲಸ ಮಾಡುತ್ತಿದೆ.

ಬೋರ್ಡಿನ ಕೆಳಗೆ ಇನ್ನೊಬ್ಬರ ಕೆಲಸವೂ ಸಿಕ್ಕಿತು. ಹಿಂದೆ ಯಾರೋ ಮೆಕ್ಯಾನಿಕ್ ಬೇರೆ ಕಂಪನಿಯ ಕಂಡೆನ್ಸರ್ ಒಂದನ್ನು ಉದ್ದ ಕಾಲಿಗೆ ಸ್ಲೀವ್ ಹಾಕಿ ಅಡ್ಡಡ್ಡ ಬೆಸೆದಿದ್ದರು. ನೋಡಲು ಚೆನ್ನಾಗಿಲ್ಲ. ಅಳೆದರೆ ಸರಿಯಾಗಿಯೇ ಇದೆ. ಅವರ ಹೆಸರು ಅತ್ತೆಯವರಿಗೂ ನೆನಪಿಲ್ಲ, "ಗವೀಪುರದ ಕಡೆ ಒಂದು ಚಿಕ್ಕ ಅಂಗಡಿ" ಅಂದರು. ಅದನ್ನು ಮುಟ್ಟಲಿಲ್ಲ. ದಶಕಗಳ ಕಾಲ ನಿಂತ ಕೆಲಸಕ್ಕೆ ನಾವು ತಿದ್ದುಪಡಿ ಹಾಕುವುದು ಬೇಕಾಗಿಲ್ಲ.

ನಾಲ್ಕನೇ ಕಾಲು

ಕಂಡೆನ್ಸರ್ ಬದಲಾದ ಮೇಲೆ ಬರ್ರ್ ದಪ್ಪ ಆಯಿತು, ಆದರೆ ಸ್ಟೇಷನ್ ಇಲ್ಲ. ಕರೆಂಟ್ ಇನ್ನೂ 20ರ ಹತ್ತಿರವೇ. ಆಗ ಮುಂಭಾಗದ ಮೂರು ಎಎಫ್117 ಟ್ರಾನ್ಸಿಸ್ಟರ್‌ಗಳ ಕಡೆ ಕಣ್ಣು ಹೋಯಿತು. ಈ ಜಾತಿಗೆ ಒಂದು ಹೆಸರುವಾಸಿ ಕಾಯಿಲೆ ಇದೆ. ಇವಕ್ಕೆ ಮೂರಲ್ಲ, ನಾಲ್ಕು ಕಾಲು. ನಾಲ್ಕನೆಯದು ಹೊರಗಿನ ಲೋಹದ ಡಬ್ಬಿಗೆ ಸೇರಿದ್ದು, ಅದನ್ನು ಚಾಸಿಗೆ ಕಟ್ಟಿರುತ್ತಾರೆ. ವರ್ಷಗಳು ಕಳೆದಂತೆ ಡಬ್ಬಿಯ ಒಳಗೆ ತವರದ ಕೂದಲಿನಂಥ ಎಳೆಗಳು ತಾವಾಗಿಯೇ ಬೆಳೆಯುತ್ತವೆ. ಒಂದು ಎಳೆ ಒಳಗಿನ ಕಾಲಿಗೆ ತಾಗಿದರೆ ಮುಗಿಯಿತು, ಆ ಕಾಲು ಚಾಸಿಗೆ ಸೇರಿದ ಹಾಗೆ.

ಪುಟ್ಟಿ ಮೀಟರಿನ ಕೆಂಪು ತಂತಿ ಚಾಸಿಗೆ ಇಟ್ಟು ಕಪ್ಪು ತಂತಿಯಲ್ಲಿ ಒಂದೊಂದು ಟ್ರಾನ್ಸಿಸ್ಟರಿನ ಕಲೆಕ್ಟರ್ ಅನ್ನುವ ಕಾಲು ಮುಟ್ಟಿದಳು. ಮೊದಲನೆಯದು 5 ವೋಲ್ಟಿನ ಆಸುಪಾಸು. ಮೂರನೆಯದೂ ಅಷ್ಟೇ. ನಡುವಿನದು ಸೊನ್ನೆ.

ಸರಿಯಾದ ದಾರಿ ಅಂದರೆ ಟ್ರಾನ್ಸಿಸ್ಟರನ್ನೇ ಬದಲಿಸುವುದು. ಹಳೆಯ ಸ್ಟಾಕಿನಲ್ಲಿ ಸಿಕ್ಕರೂ ಅದರೊಳಗೂ ಅದೇ ಕೂದಲು ಬೆಳೆದಿರಬಹುದು, ಬಳಸದೇ ಇಟ್ಟಿದ್ದರೂ ಅಷ್ಟೇ. ಇನ್ನೊಂದು ದಾರಿ ಇದೆ. ನಾಲ್ಕನೇ ಕಾಲನ್ನು ಕತ್ತರಿಸಿಬಿಡುವುದು. ಆಗ ಎಳೆ ಡಬ್ಬಿಗೆ ತಾಗಿದ್ದರೂ ಡಬ್ಬಿ ಚಾಸಿಗೆ ಸೇರಿರುವುದಿಲ್ಲ. ಎರಡು ಕಾಲಿಗೆ ಎರಡು ಎಳೆ ತಾಗಿದ್ದರೆ ಇದರಿಂದ ಉಪಯೋಗವಿಲ್ಲ. ಕೆಲವು ಸೆಟ್ ಸೀಟಿ ಹೊಡೆಯಲೂಬಹುದು. ಶಾಶ್ವತ ಅಂತ ಯಾರೂ ಭರವಸೆ ಕೊಡುವುದಿಲ್ಲ. ಆದರೆ ನಮ್ಮ ಮೂರು ಸಾಲಿನಲ್ಲಿ "ಶಾಶ್ವತ" ಅಂತ ಎಲ್ಲೂ ಬರೆದಿರಲಿಲ್ಲ.

ಕಟ್ಟರ್ ಪುಟ್ಟಿಯ ಕೈಯಲ್ಲಿತ್ತು. ಟಕ್ ಅಂತ ಕತ್ತರಿಸಿದಳು. ಕರೆಂಟ್ 14ಕ್ಕೆ ಇಳಿಯಿತು. ಕಲೆಕ್ಟರ್ ಮೇಲೆ ವೋಲ್ಟೇಜ್ ಬಂತು. ಸ್ಟೇಷನ್ ಬದಲಿಸುವ ಗ್ಯಾಂಗ್ ಕಂಡೆನ್ಸರನ್ನು ಬೆರಳಿನಿಂದಲೇ ತಿರುಗಿಸಿದೆವು, ನಾಬಿನಿಂದ ಅದನ್ನು ತಿರುಗಿಸುವ ದಾರ ಆಗಿನ್ನೂ ಇರಲಿಲ್ಲ. ಮೊದಲು ಶೂ ಅನ್ನುವ ಸದ್ದು, ಆಮೇಲೆ ಒಬ್ಬ ಹೆಂಗಸಿನ ಕನ್ನಡ. ಕೃಷಿಯ ಬಗ್ಗೆ ಏನೋ ಹೇಳುತ್ತಿದ್ದರು, ಗೊಬ್ಬರ, ನಾಟಿ. ಪುಟ್ಟಿ "ಅಜ್ಜೀ!" ಅಂತ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಅತ್ತೆ ಮೈಸೂರಿನವರು. ಅವರು ಬಂದು ಕೂತು ಹೇಳಿದ್ದು ಮೈಸೂರಿನ ಕಥೆ. 1935ರಲ್ಲಿ ಅಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟು ನಿಲಯ ಶುರು ಮಾಡಿದರು. ಅದಕ್ಕಿಟ್ಟ ಆಕಾಶವಾಣಿ ಅನ್ನೋ ಹೆಸರು ಆಮೇಲೆ ಇಡೀ ದೇಶದ್ದಾಯಿತು. ಬೆಂಗಳೂರು ನಿಲಯ ಬಂದದ್ದು 1955ರಲ್ಲಿ. ಈಗ ನಾವು ಕೇಳಿದ 612ರ ಟ್ರಾನ್ಸ್‌ಮಿಟರ್ 200 ಕಿಲೋವ್ಯಾಟಿನದು. ಆ ಪ್ರೊಫೆಸರ್ ದೊಡ್ಡ ಟ್ರಾನ್ಸ್‌ಮಿಟರ್ ಬರಲಿ ಅಂತ ಕಾಯಲಿಲ್ಲ. ನಾನು ಈ ಕಥೆ ಮೊದಲೂ ಕೇಳಿದ್ದೆ. ಬೋರ್ಡ್ ಮುಂದೆ ಕೂತು ಕೇಳಿದಾಗ ಬೇರೆಯೇ ಅನಿಸಿತು.

ದಾರ, ಮುಳ್ಳು

ಡಯಲ್ ದಾರ ತುಂಡಾಗಿತ್ತು. ನಾಬ್ ತಿರುಗಿಸುವ ಸಣ್ಣ ಕಡ್ಡಿಗೆ ಎರಡು-ಮೂರು ಸುತ್ತು, ಅಲ್ಲಿಂದ ಪುಲ್ಲಿಗಳ ಮೇಲೆ ಹಾಯ್ದು ದೊಡ್ಡ ಚಕ್ರಕ್ಕೆ, ಕೊನೆಗೆ ಸ್ಪ್ರಿಂಗ್. ದಾರ ಹಿಗ್ಗಬಾರದು, ಜಾರಬಾರದು. ಹೂ ಕಟ್ಟುವ ದಾರ ತಡೆಯುವುದಿಲ್ಲ. ಚಪ್ಪಲಿ ಹೊಲಿಯುವವರ ಹತ್ತಿರ ಮೇಣ ಹಚ್ಚಿದ ನೈಲಾನ್ ದಾರ ಸಿಗುತ್ತದೆ. ನಮ್ಮ ರಸ್ತೆ ತಿರುವಿನಲ್ಲಿ ಕೂರುವವರು ಒಂದು ಮೊಳ ಜಾಸ್ತಿಯೇ ಕೊಟ್ಟು ಕಾಸು ಬೇಡ ಅಂದರು. ಚೆನ್ನಾಗಿ ಹಿಡಿಯಿತು. ಕಳೆದುಹೋದ ನಾಬಿನ ಜಾಗಕ್ಕೆ ಕುಕ್ಕರ್ ರಿಪೇರಿ ಅಂಗಡಿಯಲ್ಲಿ ಸಿಕ್ಕ ಕಪ್ಪು ಗುಂಡಿ ಕೂತಿದೆ. ಇನ್ನೊಂದು ಬಿಳಿ. ಎರಡೂ ತಿರುಗುತ್ತವೆ.

ಇನ್ನು ಉಳಿದದ್ದು ಟ್ಯೂನಿಂಗ್ ಸರಿ ಹೊಂದಿಸುವುದು. ಈ ರಿಪೇರಿಯಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಭಾಗ ಇದು.

ಇದು ಸೂಪರ್‌ಹೆಟ್ ಸೆಟ್. 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ಈ ಉಪಾಯದಲ್ಲಿ ರೇಡಿಯೋ ಒಳಗೇ ತನ್ನದೇ ಅಲೆ ಹುಟ್ಟಿಸುವ ಒಂದು ಚಿಕ್ಕ ಆಸಿಲೇಟರ್ ಇರುತ್ತದೆ. ಅದು ಯಾವಾಗಲೂ ಸ್ಟೇಷನ್‌ಗಿಂತ 455 ಕಿಲೋಹರ್ಟ್ಜ್ ಮೇಲೆ ಇರಬೇಕು. 612 ಕೇಳುವಾಗ ಅದು 1067ರಲ್ಲಿ ಇರಬೇಕು. ಒಂದೇ ಕಡ್ಡಿ ತಿರುಗಿಸಿದರೆ ಏರಿಯಲ್ ಭಾಗವೂ ಆಸಿಲೇಟರ್ ಭಾಗವೂ ಒಟ್ಟಿಗೆ ತಿರುಗುತ್ತವೆ. ಕಷ್ಟ ಇರುವುದು ಇಲ್ಲಿ. ಮೀಡಿಯಂ ವೇವ್ 540ರಿಂದ 1600. ಏರಿಯಲ್ ಕಡೆ ಇದು ಹೆಚ್ಚು ಕಡಿಮೆ ಮೂರು ಪಟ್ಟು ಓಡಬೇಕು. ಆಸಿಲೇಟರ್ ಕಡೆ 995ರಿಂದ 2055, ಎರಡು ಪಟ್ಟಿಗಿಂತ ಚೂರು ಜಾಸ್ತಿ. ಒಂದೇ ಕಡ್ಡಿಯಲ್ಲಿ ಎರಡು ಬೇರೆ ಬೇರೆ ಓಟ. ಬ್ಯಾಂಡಿನ ಉದ್ದಕ್ಕೂ 455ರ ಅಂತರ ಕರಾರುವಾಕ್ಕಾಗಿ ಉಳಿಯುವುದು ಈ ಹೊಂದಿಕೆಯಲ್ಲಿ ಸಾಧ್ಯವೇ ಇಲ್ಲ. ಪ್ಯಾಡರ್, ಟ್ರಿಮ್ಮರ್ ಅನ್ನುವ ಸಣ್ಣ ಕಂಡೆನ್ಸರ್ ಸೇರಿಸಿ ಮೂರು ಜಾಗದಲ್ಲಿ ಸರಿ ಹೊಂದಿಸುತ್ತಾರೆ. ಉಳಿದ ಕಡೆಯೆಲ್ಲ ಚೂರು ಚೂರು ತಪ್ಪು. ಕಂಪನಿಯಿಂದ ಹೊಸದಾಗಿ ಬಂದ ದಿನವೂ ಹಾಗೇ ಇತ್ತು.

ಇದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಪುಟ್ಟಿ ಬಹಳ ಹೊತ್ತು ಆ ಗೆರೆ ನೋಡಿದಳು. "ಅಂದರೆ ಇದನ್ನು ಮಾಡಿದವರಿಗೆ ಗೊತ್ತಿತ್ತಾ?" ಅಂದಳು. ಗೊತ್ತಿತ್ತು. ಎಲ್ಲಿ ತಪ್ಪಿದರೆ ಕಿವಿಗೆ ಗೊತ್ತಾಗುವುದಿಲ್ಲ ಅಂತ ಲೆಕ್ಕ ಹಾಕಿ, ಅಲ್ಲಿ ತಪ್ಪಲು ಬಿಟ್ಟರು. ಊರೂರಿನ ಮನೆಗಳಲ್ಲಿ ಇಂಥ ರೇಡಿಯೋ ಹಾಡಿದ್ದು ಆ ಲೆಕ್ಕದಿಂದಲೇ.

ಹಾಗಾಗಿ ನಾವು ನಮಗೆ ಬೇಕಾದ ಜಾಗಕ್ಕೆ ಹೊಂದಿಸಿದೆವು. ಸಿಗ್ನಲ್ ಜನರೇಟರ್ ಇಲ್ಲ, ಸ್ಟೇಷನ್ನೇ ಸಿಗ್ನಲ್. 612 ಹಿಡಿದು, ಒಳಗೆ ಏರಿಯಲ್ ಆಗಿರುವ ಕಪ್ಪು ಫೆರೈಟ್ ರಾಡಿನ ಮೇಲಿನ ತಂತಿಯ ಸುರುಳಿಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ಧ್ವನಿ ಎಲ್ಲಿ ಹೆಚ್ಚು ತುಂಬಿ ಬರುತ್ತದೋ ಅಲ್ಲಿ ನಿಲ್ಲಿಸಿ, ಮೇಣದಬತ್ತಿಯ ಒಂದು ಹನಿ ಹಾಕಿದೆವು. ಮೇಲಿನ ತುದಿ, 1400ರ ಕಡೆ, ಮುಟ್ಟಲೇ ಇಲ್ಲ. 455ಕ್ಕೆ ಹೊಂದಿಸಿದ ಐಎಫ್‌ಟಿ ಅನ್ನುವ ಸುರುಳಿ ಡಬ್ಬಿಗಳ ತಿರುಪನ್ನೂ ಮುಟ್ಟಲಿಲ್ಲ. ಒಳಗಿನ ಫೆರೈಟ್ ಒಣಗಿ ಹಿಡಿದುಕೊಂಡಿರುತ್ತದೆ, ಬಲ ಹಾಕಿದರೆ ಚೂರಾಗುತ್ತದೆ.

ಧ್ವನಿ ಚೆನ್ನಾಗಿ ಬಂತು. ಮುಳ್ಳು ಮಾತ್ರ 630ರ ಹತ್ತಿರ ನಿಂತಿತ್ತು.

"ಅಮ್ಮ, ಮುಳ್ಳು 612ರಲ್ಲಿ ಇಲ್ಲ."

ನಾನು ಉತ್ತರ ಹೇಳುವ ಮುಂಚೆ ಅತ್ತೆ ಹೇಳಿದರು. "ಬೆಂಗಳೂರು ಎಲ್ಲಿ ಮಾತಾಡ್ತದೋ ಅದೇ 612 ಕಣೇ ಪುಟ್ಟಿ. ನಿಮ್ಮ ತಾತ ಬೆರಳಲ್ಲಿ ತಡವಿ ಹುಡುಕ್ತಿದ್ದರು, ಮುಳ್ಳು ನೋಡ್ತಿರಲಿಲ್ಲ."

ರಾತ್ರಿ

ಹಗಲಲ್ಲಿ ಬೆಂಗಳೂರೊಂದೇ. ಕತ್ತಲಾದ ಮೇಲೆ ದೂರದ ಸ್ಟೇಷನ್‌ಗಳು ಬರುತ್ತವೆ. ಹಗಲು ಮೀಡಿಯಂ ವೇವ್ ಅನ್ನು ನುಂಗುವ ಆಕಾಶದ ಕೆಳಪದರ ರಾತ್ರಿ ಕರಗುತ್ತದೆ, ಅಲೆ ಮೇಲಿನ ಪದರಕ್ಕೆ ಬಡಿದು ವಾಪಸ್ ಬರುತ್ತದೆ. ಟೆರೇಸಿಗೆ ಒಯ್ದೆವು, ಮನೆಯೊಳಗಿನ ಎಲ್‌ಇಡಿ ಬಲ್ಬ್, ಫೋನ್ ಚಾರ್ಜರ್‌ಗಳ ಗೊರಗೊರ ತಪ್ಪಿಸಿಕೊಳ್ಳಲು. ನಿಮ್ಮ ಮನೆಯಲ್ಲೂ ರೇಡಿಯೋ ಗೊರಗೊರ ಅಂದರೆ ಸೆಟ್ ಕೆಟ್ಟಿದೆ ಅಂದುಕೊಳ್ಳುವ ಮುಂಚೆ ಚಾರ್ಜರ್‌ಗಳನ್ನು ಕಿತ್ತು ನೋಡಿ. ಪೆಟ್ಟಿಗೆಯನ್ನು ತಿರುಗಿಸಿಯೂ ನೋಡಿ. ಫೆರೈಟ್ ರಾಡಿನ ತುದಿ ಸ್ಟೇಷನ್ ಕಡೆ ಮುಖ ಮಾಡಿದರೆ ಧ್ವನಿ ಕುಗ್ಗುತ್ತದೆ, ಅಡ್ಡ ನಿಂತರೆ ತುಂಬುತ್ತದೆ.

720ರಲ್ಲಿ ಚೆನ್ನೈ ಸಿಕ್ಕಿತು. 738ರಲ್ಲಿ ಹೈದರಾಬಾದ್. 765ರಲ್ಲಿ ಧಾರವಾಡ, ಏರುತ್ತಾ ಇಳಿಯುತ್ತಾ. ಪುಟ್ಟಿ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಇದ್ದವಳು, "ಎಲ್ಲ ಒಂಬತ್ತರ ಮಗ್ಗಿ!" ಅಂದಳು. ಹೌದು, ನಮ್ಮ ಕಡೆ ಮೀಡಿಯಂ ವೇವ್ ಸ್ಟೇಷನ್‌ಗಳ ನಡುವೆ ಒಂಬತ್ತು ಕಿಲೋಹರ್ಟ್ಜ್ ಅಂತರ. 1975ರ ಜಿನೀವಾ ಒಪ್ಪಂದದಲ್ಲಿ ತೀರ್ಮಾನವಾಗಿ 1978ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಯಾರೂ ಹೇಳಿಕೊಡದೆ ಅವಳೇ ಕಂಡುಕೊಂಡದ್ದು. ಅದನ್ನೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಮಾಡಿ, ಕೆಳಗೆ ತನ್ನ ಹೆಸರು ಬರೆದುಕೊಂಡಳು. ಅವಳು ಯಾವ ಕೆಲಸದ ಕೆಳಗೂ ಹೆಸರು ಬರೆದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹಿಂದಿನ ರಟ್ಟು ಮುಚ್ಚುವ ಮುಂಚೆ

ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಅಷ್ಟೇ. ಗೀರುಗಳು ಇವೆ. ಹರಿದ ಬಟ್ಟೆಯ ಹಿಂದೆ ಅತ್ತೆ ತಮ್ಮ ಹಳೆಯ ರೇಷ್ಮೆ ರವಿಕೆಯ ತುಂಡೊಂದನ್ನು ಅಂಟಿಸಿದರು. ಬಣ್ಣ ಹೊಂದಿಲ್ಲ, ಧೂಳು ಒಳಗೆ ಹೋಗುವುದಿಲ್ಲ. ರೇಡಿಯೋ ಈಗ ಅಡಿಗೆಮನೆಯ ಕಿಟಕಿಯಲ್ಲಿದೆ. ಬೆಳಗಿನ ಪ್ರದೇಶ ಸಮಾಚಾರ ತಪ್ಪುವುದಿಲ್ಲ.

ಒಳಗೆ ಒಂದು ಚೀಟಿ ಅಂಟಿಸಿದ್ದೇವೆ, ಮುಂದೆ ಬಿಚ್ಚುವವರಿಗೆ ಅನುಕೂಲವಾಗಲಿ ಅಂತ. ಪುಟ್ಟಿಯ ಕೈಬರಹ. ಯಾವ ಕಂಡೆನ್ಸರ್ ಜಾಗದಲ್ಲಿ ಯಾವುದು ಹಾಕಿದೆ, ನಡುವಿನ ಎಎಫ್117ರ ನಾಲ್ಕನೇ ಕಾಲು ಕತ್ತರಿಸಿದೆ, ಪ್ಲಸ್ ಚಾಸಿಗೆ ಇದೆ, ಮುಳ್ಳು ಮುಂದಿದೆ. ನೀವೂ ಇಂಥ ಸೆಟ್ ಬಿಚ್ಚಿದರೆ ಚೀಟಿ ಅಂಟಿಸದೆ ಮುಚ್ಚಬೇಡಿ.

ಶಾರ್ಟ್ ವೇವ್ ಕಡೆ ಬ್ಯಾಂಡ್ ಸ್ವಿಚ್ ಕಪ್ಪಾಗಿದೆ, ಅದನ್ನು ಬಿಚ್ಚಿ ತೊಳೆಯಬೇಕು. ದಸರಾ ರಜೆಗೆ ಇಟ್ಟಿದ್ದೇವೆ. ಆ ಕೆಲಸಕ್ಕೆ ಪುಟ್ಟಿ ಆಗಲೇ ಹೊಸ ಪುಟ ತೆರೆದು ಒಂದೇ ಸಾಲು ಬರೆದಿಟ್ಟಿದ್ದಾಳೆ: ಯಾವುದಾದರೂ ಒಂದು ದೇಶ ಕೇಳಿಸಿದರೆ ಮುಗಿಯಿತು.